‘ಬ್ಯಾಕ್ ಟು ಬ್ಲ್ಯಾಕ್’: ಗೋಳಿಗಿಂತ ಕಸುಬು ದೊಡ್ಡದು

ಏಮಿ ವೈನ್‌ಹೌಸ್ ತೀರಿಕೊಂಡ ಮೇಲೆ ‘ಬ್ಯಾಕ್ ಟು ಬ್ಲ್ಯಾಕ್’ ಆಲ್ಬಮ್ಮನ್ನು ಹಾಡುಗಳೆಂದು ಕೇಳುವವರು ಕಡಿಮೆಯಾಗಿದ್ದಾರೆ. ಮರಣೋತ್ತರ ಪರೀಕ್ಷೆಯ ವರದಿಯಂತೆ ಓದುವವರೇ ಹೆಚ್ಚು. ಆಲ್ಬಂ ಬಂದದ್ದು 2006ರ ಅಕ್ಟೋಬರಿನಲ್ಲಿ. ಆಕೆ ಸತ್ತದ್ದು 2011ರ ಜುಲೈನಲ್ಲಿ, 27ನೇ ವಯಸ್ಸಿಗೆ. ನಡುವಿನ ವರ್ಷಗಳ ಕುಡಿತ, ಮಾದಕವಸ್ತು, ಮುರಿದ ಮದುವೆ, ಬೆನ್ನು ಬಿಡದ ಕ್ಯಾಮೆರಾಗಳು, ಎಲ್ಲವನ್ನೂ ಹಿಂದಕ್ಕೆ ಎಳೆತಂದು ಹಾಡುಗಳಿಗೆ ಅಂಟಿಸಿ, ‘ಪಾಪ, ಎದೆ ಬಿರಿಯುವಂತೆ ಅತ್ತಳು, ಅದೇ ಹಾಡಾಯಿತು’ ಎನ್ನುವುದು ಈಗ ರೂಢಿ. ಅದರ ಜೊತೆಗೆ ಇನ್ನೊಂದು ಮಾತು: ಅರವತ್ತರ ದಶಕದ ಆ ಧ್ವನಿಯನ್ನು ಹೊಂದಿಸಿಕೊಟ್ಟವನು ನಿರ್ಮಾಪಕ ಮಾರ್ಕ್ ರಾನ್ಸನ್, ಆಕೆ ತಂದದ್ದು ಕಂಠ ಮತ್ತು ಕಣ್ಣೀರು. ಕೇಳಲು ಎರಡೂ ಹೊಗಳಿಕೆಯಂತಿವೆ. ಎರಡೂ ಸೇರಿ ಆಕೆಯಿಂದ ಕಿತ್ತುಕೊಳ್ಳುವುದು ಮಾತ್ರ ಆಕೆಯ ಬರವಣಿಗೆಯನ್ನು.

ಆಲ್ಬಮ್ಮಿನ ಏಳನೇ ಹಾಡು ‘ಟಿಯರ್ಸ್ ಡ್ರೈ ಆನ್ ದೇರ್ ಓನ್’ ಕೇಳಿ. ಏಮಿ ಅದನ್ನು ಮೊದಲು ಕಟ್ಟಿದ್ದು ನಿಧಾನಗತಿಯ ವಿರಹಗೀತೆಯಾಗಿ. ಆ ರೂಪ ಆಕೆ ತೀರಿಕೊಂಡ ವರ್ಷದ ಕೊನೆಗೆ ಬಂದ ‘ಲಯನೆಸ್’ ಸಂಕಲನದಲ್ಲಿದೆ, ಚೆನ್ನಾಗಿಯೂ ಇದೆ. ಆಲ್ಬಮ್ಮಿಗೆ ಹೋದದ್ದು ಬೇರೆ ರೂಪ. ನಿರ್ಮಾಪಕ ಸಲಾಂ ರೆಮಿ ಜೊತೆ ಕೆಲಸ ಮಾಡುವಾಗ ಗತಿ ಏರಿತು. ಮಾರ್ವಿನ್ ಗೇ ಮತ್ತು ಟ್ಯಾಮಿ ಟೆರೆಲ್ 1967ರಲ್ಲಿ ಹಾಡಿದ ‘ಏಂಟ್ ನೋ ಮೌಂಟನ್ ಹೈ ಇನಫ್’ನ ಸಂಗೀತದ ಮೇಲೆ ಆಕೆಯ ಮಾತುಗಳು ಕೂತವು. ಮೂಲದಲ್ಲಿ ಇಬ್ಬರು ಪ್ರೇಮಿಗಳು ಏನೇ ಅಡ್ಡ ಬಂದರೂ ಸರಿ ಎಂದು ಆಣೆ ಇಡುತ್ತಾರೆ. ಅದೇ ಹಾಡಿನ ಬೆನ್ನೇರಿ ಇಲ್ಲೊಬ್ಬಳು, ಯಾರೂ ಬರುವುದಿಲ್ಲ, ನಿನ್ನ ದಾರಿ ನೋಡಿಕೋ ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡು ಹೊರಟಿದ್ದಾಳೆ. ನಿಧಾನದಲ್ಲಿ ಮರುಕ ಹುಟ್ಟಿಸುತ್ತಿದ್ದ ಮಾತು ವೇಗದಲ್ಲಿ ಗದರಿಕೆಯಾಗಿಬಿಡುತ್ತದೆ. ಮೂಲ ಹಾಡು ಗೊತ್ತಿದ್ದವರಿಗೆ ಅದರ ವ್ಯಂಗ್ಯ ಚುರುಕ್ಕೆನ್ನುತ್ತದೆ. ಸುಮ್ಮನೆ ಕೂತು ಅಳುವವರು ಹೀಗೆ ಗತಿ ಬದಲಿಸಿ ನೋಡುವುದಿಲ್ಲ.

ಆಕೆ ಮಾದರಿಯಾಗಿ ಹಿಡಿದದ್ದಾದರೂ ಯಾರನ್ನು? ರೊನೆಟ್ಸ್, ಶಿರೆಲ್ಸ್, ಶಾಂಗ್ರಿ-ಲಾಸ್‌ನಂಥ ಹುಡುಗಿಯರ ತಂಡಗಳನ್ನು. ಆ ತಂಡಗಳ ಹಾಡುಗಳಲ್ಲಿ ದುಃಖ ಧಾರಾಳ, ಆದರೆ ಅದು ನಾಟಕದ ದುಃಖ. ಶಾಂಗ್ರಿ-ಲಾಸ್ 1964ರಲ್ಲಿ ‘ಲೀಡರ್ ಆಫ್ ದಿ ಪ್ಯಾಕ್’ ಹಾಡಿದಾಗ ಮುಖ್ಯ ಗಾಯಕಿ ಮೇರಿ ವೈಸ್‌ಗೆ 15 ವರ್ಷ. ಗೆಳತಿಯರ ಪ್ರಶ್ನೆ, ಬೈಕಿನ ಗುಡುಗು, ಟೈರಿನ ಕಿರುಚಾಟ, ಪ್ರಿಯಕರನ ಸಾವು, ಎಲ್ಲ ಮೂರು ನಿಮಿಷದೊಳಗೆ. ಹುಡುಗಿ ಹಾಡಿದ್ದನ್ನು ಕೇಳಿ ಯಾರೂ ಅಪಘಾತದ ಪೊಲೀಸ್ ದಾಖಲೆ ಹುಡುಕಲು ಹೋಗಲಿಲ್ಲ. ಅದೇ ಶೈಲಿಯಲ್ಲಿ ಲಂಡನ್ನಿನ ಇಪ್ಪತ್ಮೂರರ ಹೆಣ್ಣು ಹಾಡಿದ ಕೂಡಲೇ ಎಲ್ಲರೂ ಸಾಕ್ಷ್ಯ ಕಲೆಹಾಕತೊಡಗಿದರು. ಹಾಡುಗಳ ಕಚ್ಚಾ ಸಾಮಗ್ರಿ ಆಕೆಯ ಬದುಕಿನದೇ, ಬಿಟ್ಟುಹೋದ ಪ್ರಿಯಕರನೂ ನಿಜವೇ. ಆದರೆ ಹಳೆಯ ಶೋಕಪ್ರಸಂಗದ ಹಾವಭಾವ, ಬೇಕೆಂದೇ ಮಾಡಿದ ಅತಿರೇಕ, ಎಲ್ಲವನ್ನೂ ಆಕೆ ತಿಳಿದೇ ತೊಟ್ಟಿದ್ದಳು. ಎತ್ತರಕ್ಕೆ ಕಟ್ಟಿದ ಆ ತುರುಬಿನ ಹಾಗೆ.

ಶೀರ್ಷಿಕೆ ಗೀತೆಯ ವಿಡಿಯೊ ಒಂದು ಶವಯಾತ್ರೆ. ಕೊನೆಯಲ್ಲಿ ಹೂಳುವುದು ಏಮಿ ವೈನ್‌ಹೌಸಳ ಹೃದಯವನ್ನು. ಕಲ್ಲಿನ ಮೇಲೆ ಹಾಗೆಂದೇ ಕೆತ್ತಿದೆ. ಎಂಥ ಕಪ್ಪು ತಮಾಷೆ! ಆಕೆ ಸತ್ತ ಮೇಲೆ ಆ ಕಲ್ಲಿನ ದೃಶ್ಯವನ್ನೇ ಕತ್ತರಿಸಿದರು. ಸಂಕೋಚದಿಂದ ಮಾಡಿದ್ದಿರಬಹುದು, ಆದರೆ ತಮಾಷೆ ಹೋಗಿ ಉಳಿದದ್ದು ಬರೀ ಶೋಕ. ಆಲ್ಬಮ್ಮಿಗೂ ಜನ ಮಾಡಿದ್ದು ಅದನ್ನೇ.

ಹಳೆಯ ತಂಡಗಳ ಹುಡುಗಿಯರು ಸಾಮಾನ್ಯವಾಗಿ ಹಾಡುತ್ತಿದ್ದುದು ಬೇರೆಯವರು ಬರೆದುಕೊಟ್ಟದ್ದನ್ನು. ಬರೆದವರಲ್ಲಿ ಹೆಂಗಸರೂ ಇದ್ದರು. ಶಿರೆಲ್ಸ್‌ಗಾಗಿ ಗಂಡ ಗೆರಿ ಗಾಫಿನ್ ಜೊತೆ ಹಾಡು ಕಟ್ಟಿದಾಗ ಕೆರೊಲ್ ಕಿಂಗ್‌ಗೆ 18. ಆದರೂ ಹಾಡುವವಳ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ರೊನೆಟ್ಸ್‌ಗೆ ಫಿಲ್ ಸ್ಪೆಕ್ಟರ್‌ನ ಕಂಪನಿಯಿಂದ ಸಿಕ್ಕಿದ್ದು ಮೂವರಿಗೂ ಸೇರಿ 15,000 ಡಾಲರಿಗೂ ಕಡಿಮೆ ಮುಂಗಡ; ವರ್ಷಗಟ್ಟಲೆ ರಾಯಲ್ಟಿ ಕಾಣದೆ ಕೊನೆಗೆ ಕೋರ್ಟಿಗೆ ಹೋದರು. ಏಮಿ ಆ ಪ್ರಕಾರವನ್ನು ಎತ್ತಿಕೊಂಡಾಗ ಮಾತಿನ ಯಜಮಾನಿಕೆ ಹಾಡುವವಳ ಕೈಗೆ ಬಂತು, ಮಾತೂ ಬದಲಾಯಿತು. ‘ಯು ನೋ ಐಯಾಮ್ ನೋ ಗುಡ್’ನಲ್ಲಿ ಮೋಸ ಮಾಡುವವಳು ಹೆಣ್ಣೇ. ಹಾಡಿನೊಳಗೆ ಬಿಯರ್ ಇದೆ, ಪಿಟಾ ಬ್ರೆಡ್ ಇದೆ, ಬಾತ್‌ಟಬ್ ಇದೆ. ಚರ್ಮ ಕಾರ್ಪೆಟ್ಟಿಗೆ ಉಜ್ಜಿ ಆದ ಸಣ್ಣ ಗಾಯ ಅವನ ಕಣ್ಣಿಗೆ ಬೀಳುತ್ತದೆ. ಇನ್ನೇನು ರಂಪ ಎಂದುಕೊಂಡರೆ ಅವನು ಭುಜ ಕುಣಿಸಿ ಸುಮ್ಮನಾಗುತ್ತಾನೆ. ಅವಳಿಗೆ ಅದೇ ದೊಡ್ಡ ಶಿಕ್ಷೆ. ಒಳ್ಳೆಯ ಸಣ್ಣಕತೆಗಾರರ ಕೈಚಳಕ ಇದು. 1963ರಲ್ಲಿ ಯಾವ ನಿರ್ಮಾಪಕನೂ ಈ ಹಾಡನ್ನು ರೊನೆಟ್ಸ್ ಬಾಯಿಗೆ ಕೊಡುತ್ತಿರಲಿಲ್ಲ.

ರಾನ್ಸನ್ ವಿಷಯಕ್ಕೆ ಬಂದರೆ, 11 ಹಾಡುಗಳಲ್ಲಿ ಅವನ ನಿರ್ಮಾಣ 6, ಉಳಿದ 5 ರೆಮಿಯವು. ರೆಮಿಯನ್ನು ಮರೆಯುವುದೇ ವಾಡಿಕೆ, ಏಕೆಂದರೆ ‘ಹಳೇ ಧ್ವನಿಯ ಆಲ್ಬಂ’ ಎಂಬ ಕತೆಗೆ ಅವನ ಹಿಪ್‌ಹಾಪ್ ಹಿನ್ನೆಲೆ ಒಗ್ಗುವುದಿಲ್ಲ. ‘ರಿಹ್ಯಾಬ್’ಗೆ 2008ರಲ್ಲಿ ಬಂದ ವರ್ಷದ ಹಾಡಿನ ಗ್ರ್ಯಾಮಿ ಕೃತಿಕಾರರಿಗೆ ಕೊಡುವಂಥದು, ಅಲ್ಲಿದ್ದದ್ದು ಏಮಿಯ ಹೆಸರೊಂದೇ. 2007ರ ಮರ್ಕ್ಯುರಿ ಪ್ರಶಸ್ತಿ ಸಮಾರಂಭದಲ್ಲಿ ‘ಲವ್ ಈಸ್ ಎ ಲೂಸಿಂಗ್ ಗೇಮ್’ ಅನ್ನು ಒಂದು ಗಿಟಾರಿನ ಜೊತೆಗಷ್ಟೇ ಹಾಡಿದಳು. ಪಿಟೀಲುಗಳಿಲ್ಲದೆ ಹಾಡು ಇನ್ನೂ ಗಟ್ಟಿಯಾಗಿ ನಿಂತಿತು. ಆಲ್ಬಮ್ಮಿನಲ್ಲಿ ಅವು ತುಸು ಹೆಚ್ಚೇ ಆದವು ಎಂಬುದು ನನ್ನ ದೂರು.

ಆಲ್ಬಮ್ಮಿನ ಮೇಲೆ ನಿಜವಾದ ತಕರಾರು ಇರುವುದು ಬೇರೆ ಕಡೆ. ರಾನ್ಸನ್ನನ ಹಾಡುಗಳಲ್ಲಿ ನುಡಿಸಿದ್ದು ಬ್ರೂಕ್ಲಿನ್ನಿನ ಡ್ಯಾಪ್-ಕಿಂಗ್ಸ್ ಬ್ಯಾಂಡ್. ಅದು ಅಷ್ಟು ಹೊತ್ತಿಗಾಗಲೇ ಕಪ್ಪು ಗಾಯಕಿ ಶೆರನ್ ಜೋನ್ಸ್ ಜೊತೆ ವರ್ಷಗಳಿಂದ ಇದೇ ಸಂಗೀತ ನುಡಿಸುತ್ತಿತ್ತು. ಒಂದು ಕಾಲಕ್ಕೆ ರೈಕರ್ಸ್ ಐಲ್ಯಾಂಡ್ ಜೈಲಿನ ಕಾವಲು ಸಿಬ್ಬಂದಿಯಾಗಿದ್ದ ಜೋನ್ಸ್‌ಗೆ 2006ರಲ್ಲಿ 50 ವರ್ಷ. ಜಗತ್ತು ಆ ವಾದ್ಯಗಳತ್ತ ಕಿವಿಗೊಟ್ಟಿದ್ದು ಮುಂದೆ ಬಿಳಿ ಯುವತಿಯೊಬ್ಬಳು ನಿಂತಾಗ. ತಪ್ಪು ಏಮಿಯದಲ್ಲ, ಮಾರುಕಟ್ಟೆಯದು. ಆದರೆ ಆಲ್ಬಮ್ಮನ್ನು ಹೊಗಳುವವರು ಈ ಬಾಕಿಯನ್ನು ಒಪ್ಪಿಕೊಳ್ಳಬೇಕು. ಮರುವರ್ಷ ಬಂದ ಜೋನ್ಸ್‌ಳ ‘ಹಂಡ್ರೆಡ್ ಡೇಸ್, ಹಂಡ್ರೆಡ್ ನೈಟ್ಸ್’ ಅನ್ನು ಇದರ ಬೆನ್ನಿಗೇ ಹಾಕಿ ಕೇಳಬೇಕು. ಅದೇ ಬ್ಯಾಂಡು. ಕಂಠದ ಕಸುವಿನಲ್ಲಿ ಜೋನ್ಸ್ ಒಂದು ಕೈ ಮೇಲು ಎಂದೇ ನನಗನ್ನಿಸುತ್ತದೆ. ಏಮಿ ಗೆಲ್ಲುವುದು ಆ ಕಾರ್ಪೆಟ್ ಗಾಯದಂಥ, ಪಿಟಾ ಬ್ರೆಡ್ಡಿನಂಥ ಸಾಲುಗಳಲ್ಲಿ.