ದೆವ್ವಕ್ಕೆ ವಿಳಾಸ ಕೊಡುವವರು

ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಬೆಳೆದವರಿಗೆ 'ನಾಳೆ ಬಾ' ಎಂಬ ಎರಡು ಪದಗಳನ್ನು ವಿವರಿಸಬೇಕಾಗಿಲ್ಲ. ರಾತ್ರಿ ಹೊತ್ತು ಹೆಣ್ಣು ದೆವ್ವವೊಂದು ಬಂದು ಬಾಗಿಲು ಬಡಿಯುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದವರು ಉಳಿಯುವುದಿಲ್ಲ ಎಂಬ ಸುದ್ದಿ. ಪರಿಹಾರವೂ ಸುದ್ದಿಯ ಜೊತೆಗೇ ಬಂದಿತ್ತು. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರೆ ದೆವ್ವ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ! ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಯ ಬಾಗಿಲ ಮೇಲ್ಗಡೆ ಆಯತುಲ್ ಕುರ್ಸಿಯ ಫಲಕವಿತ್ತು. ಅದರ ಕೆಳಗೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಅಮ್ಮಿ ನನ್ನಿಂದ ಬರೆಸಿದರು. ಉರ್ದುವಿನಲ್ಲಿ ಬರೆಯಲೇ ಎಂದು ಕೇಳಿದರೆ, ಅದಕ್ಕೆ ಉರ್ದು ಬರೋದಿಲ್ಲ, ಕನ್ನಡದಲ್ಲೇ ಬರಿ ಎಂದರು. ಅಬ್ಬಾ ರೇಗಿದರು. ಆದರೆ ಅಳಿಸಲಿಲ್ಲ.

ಆ ದೆವ್ವಕ್ಕೆ ಜಾತಿ ಮತ ಇರಲಿಲ್ಲ. ಅದು ಯಾವ ಬೀದಿಯಿಂದ ಬರುತ್ತದೆ, ಯಾರ ಕಡೆಯದು ಎಂದು ಯಾರೂ ಕೇಳಲಿಲ್ಲ. ನಮ್ಮ ವಠಾರದಲ್ಲಿ ಒಂದೇ ಸೀಮೆಸುಣ್ಣದ ತುಂಡು ಮೂರು ಮನೆಗಳ ಬಾಗಿಲಿಗೆ ಆಗಿತ್ತು. ಮೂಢನಂಬಿಕೆ ಎಂದು ನಗಬಹುದು, ನಗಬೇಕು ಕೂಡ. ಆದರೆ ಆಮೇಲೆ ಈ ನಗರ ಕಂಡ ಭೀತಿಗಳ ಜೊತೆಗಿಟ್ಟು ನೋಡಿದರೆ ಅದೊಂದು ಬಡಪಾಯಿ ದೆವ್ವ.

ಈ ದಂತಕಥೆಯನ್ನು ಎತ್ತಿಕೊಂಡು 2018ರಲ್ಲಿ ಹಿಂದಿಯಲ್ಲಿ 'ಸ್ತ್ರೀ' ಚಿತ್ರ ಬಂತು. ಕತೆ ಚಂದೇರಿಗೆ ವಲಸೆ ಹೋಗಿ, ಗೋಡೆಯ ಮೇಲಿನ ಕನ್ನಡ ಹಿಂದಿಯಾಯಿತು. ರಾತ್ರಿ ಒಬ್ಬರೇ ಓಡಾಡಲು ಹೆದರುವವರು ಗಂಡಸರು ಎಂಬ ತಿರುವು ಚೆನ್ನಾಗಿದೆ, ಚಿತ್ರಮಂದಿರದಲ್ಲಿ ನಾನೂ ನಕ್ಕಿದ್ದೇನೆ. ಆದರೆ ಆ ಚಿತ್ರದಲ್ಲಿ ದೆವ್ವ ನಿಜ. ಹೆದರಿದ ಊರಿನದೇ ಸರಿ. ವದಂತಿಯಿಂದ ಹುಟ್ಟಿದ ಕತೆಯನ್ನು ತೆಗೆದುಕೊಂಡು ವದಂತಿಯನ್ನೇ ಕೈಬಿಟ್ಟ ಚಿತ್ರವದು. ಇಲ್ಲದ ದೆವ್ವಕ್ಕೆ ಹೆದರಿದ ಊರು ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ.

ಆ ಪ್ರಶ್ನೆಗೆ ಉತ್ತರ ಅದೇ ವರ್ಷ ಕರ್ನಾಟಕದಲ್ಲೇ ಸಿಕ್ಕಿತ್ತು. 2018ರ ಮೇ 23ರಂದು ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳನೆಂದು ತಿಳಿದು ರಾಜಸ್ಥಾನದ ಯುವಕನೊಬ್ಬನನ್ನು ಕಟ್ಟಿಹಾಕಿ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಮುಸ್ಲಿಂ ಎಂಜಿನಿಯರ್ ಒಬ್ಬರ ಕೊಲೆಯಾಯಿತು. ಅವರ ತಂಡ ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕಲೇಟ್ ಕೊಟ್ಟಿತ್ತು, ಅಷ್ಟೇ. ಆ ದಿನಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದ್ದ ವಿಡಿಯೋ ಒಂದರ ಮೂಲ ಕರಾಚಿಯದು. ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಅಲ್ಲಿನ ಸಂಸ್ಥೆಯೊಂದು ಮಾಡಿಸಿದ ಕಿರುಚಿತ್ರ. ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗಿ, ಮತ್ತೆ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು.

ಭಯ ಎಲ್ಲಿಂದ ಬರುತ್ತದೆ? 1934ರ ಬಿಹಾರ ಭೂಕಂಪದ ನಂತರ ಹರಡಿದ ವದಂತಿಗಳನ್ನು ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರು ಸಂಗ್ರಹಿಸಿದ್ದರು. ನೆಲ ನಡುಗಿದರೂ ಹಾನಿಯಾಗದ ಪ್ರದೇಶಗಳಲ್ಲಿ, ಇನ್ನೂ ದೊಡ್ಡ ಅನಾಹುತ ಬರಲಿದೆ ಎಂಬ ವದಂತಿಗಳೇ ಹೆಚ್ಚು ಹರಡಿದ್ದವು. ಅಮೆರಿಕದ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಇದನ್ನು ಹೀಗೆ ವಿವರಿಸಿದರು: ಜನರಲ್ಲಿ ಹೆದರಿಕೆ ಮೊದಲೇ ತುಂಬಿತ್ತು, ಆದರೆ ಕಣ್ಣೆದುರು ಕಾರಣ ಇರಲಿಲ್ಲ, ವದಂತಿ ಆ ಕಾರಣವನ್ನು ಒದಗಿಸಿತು. ಅಂದರೆ ವದಂತಿ ಭಯವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಅದಕ್ಕೊಂದು ವಿಳಾಸ ಕೊಡುತ್ತದೆ. ನನಗೆ ಮುಖ್ಯವೆನಿಸುವುದು ಈ ವಿಳಾಸದ ವಿಷಯ.

ವಿಳಾಸ ಹೇಗೆ ಬರೆಯಲ್ಪಡುತ್ತದೆ ಎಂಬುದನ್ನು 2012ರ ಆಗಸ್ಟ್‌ನಲ್ಲಿ ಕಂಡೆವು. ಅಸ್ಸಾಮಿನ ಗಲಭೆಯ ಬೆನ್ನಲ್ಲೇ, ರಮ್ಜಾನ್ ಮುಗಿದೊಡನೆ ಬೆಂಗಳೂರಿನಲ್ಲಿ ಈಶಾನ್ಯದವರ ಮೇಲೆ ಮುಸ್ಲಿಮರು ದಾಳಿ ಮಾಡುತ್ತಾರೆ ಎಂಬ ಸಂದೇಶಗಳು ಹರಿದವು. ಸಾವಿರಾರು ಹುಡುಗ ಹುಡುಗಿಯರು ಗುವಾಹಟಿಯ ರೈಲು ಹತ್ತಿದರು, ವಿಶೇಷ ರೈಲುಗಳನ್ನೇ ಬಿಡಬೇಕಾಯಿತು, ಸರಕಾರ ಸಾಮೂಹಿಕ ಎಸ್ಸೆಮ್ಮೆಸ್‌ಗೆ ಮಿತಿ ಹೇರಿತು. ಮುಸ್ಲಿಂ ಸಂಘಟನೆಗಳ ಕಾರ್ಯಕರ್ತರು ಹೋಗಬೇಡಿರೆಂದು ಧೈರ್ಯ ಹೇಳಿದರು. ಈದ್ ಬಂತು, ಹೋಯಿತು. ದಾಳಿ ನಡೆಯಲಿಲ್ಲ. ಆದರೆ ಹೆದರಿ ಓಡಿದವರ ಮನಸ್ಸಿನಲ್ಲಿ ದಾಳಿಕೋರನ ಜಾಗದಲ್ಲಿ ನಮ್ಮ ಮುಖ ಉಳಿಯಿತು.

ಇನ್ನು 2020ರ ಏಪ್ರಿಲ್ ಮೊದಲ ವಾರ. ಹೆಬ್ಬಾಳದ ಆಚೆ, ಬ್ಯಾಟರಾಯನಪುರದ ಕಡೆ ನಡೆದ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಸಾಮಾನ್ಯವಾಗಿ ಒಬ್ಬೊಬ್ಬರು ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಹೆಗಡೆ ನಗರದ ಸಾದಿಕ್ ಲೇಔಟ್‌ನಲ್ಲಿ ಕೊರೊನಾ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯನ್ನು ಜನ ಸುತ್ತುವರಿದರು, ಬ್ಯಾಗು ಮೊಬೈಲು ಕಿತ್ತುಕೊಂಡರು ಎಂದು ಆಕೆ ಅಳುತ್ತಾ ಹೇಳಿದರು. ಕೆಲವೇ ದಿನಗಳ ಅಂತರದಲ್ಲಿ ಅಮೃತಹಳ್ಳಿಯ ಬಳಿ, ಕೂಲಿಕಾರರಿಗೆ ಆಹಾರ ಹಂಚುತ್ತಿದ್ದ ಸ್ವರಾಜ್ ಅಭಿಯಾನದ ಮುಸ್ಲಿಂ ಸ್ವಯಂಸೇವಕರ ಮೇಲೆ ಹಲ್ಲೆಯಾಯಿತು. ಊಟದಲ್ಲಿ ಎಂಜಲು ಸೇರಿಸಿ ರೋಗ ಹರಡುತ್ತಿದ್ದಾರೆ ಎಂಬುದು ಆರೋಪ.

ಮೊದಲ ಘಟನೆಗೆ ಹಿನ್ನೆಲೆ ಇದೆ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದಿತ್ತು. ಜನಸಂಖ್ಯಾ ನೋಂದಣಿಯ ಮನೆಮನೆ ಲೆಕ್ಕ ಅದೇ ಏಪ್ರಿಲ್‌ನಿಂದ ಆರಂಭವಾಗಬೇಕಿತ್ತು. ಯಾರಾದರೂ ಪಟ್ಟಿ ಹಿಡಿದು ಹೆಸರು ಕೇಳಿದರೆ ಎದೆ ಝಲ್ಲೆನ್ನುತ್ತಿದ್ದ ದಿನಗಳು ಅವು. ಆ ಭಯ ಸುಳ್ಳಲ್ಲ. ಆದರೆ ಅದನ್ನು ಪುಡಿಗಾಸಿಗೆ ದುಡಿಯುವ ಹೆಂಗಸಿನ ಮೇಲೆ ತೀರಿಸಿಕೊಂಡದ್ದನ್ನು ಯಾವ ಹಿನ್ನೆಲೆಯೂ ಸಮರ್ಥಿಸಲಾರದು. 1972ರಲ್ಲಿ ಸ್ಟಾನ್ಲಿ ಕೋಹೆನ್ ಬ್ರಿಟನ್ನಿನ ಪುಂಡ ಹುಡುಗರ ಬಗೆಗಿನ ಗುಲ್ಲನ್ನು ಅಭ್ಯಸಿಸಿ, ಪತ್ರಿಕೆ, ಪೊಲೀಸು, ನ್ಯಾಯಾಧೀಶರು ಸೇರಿ ಹೇಗೆ ಒಂದು ಗುಂಪನ್ನು ಸಮಾಜದ ಪಿಶಾಚಿಯಾಗಿಸುತ್ತಾರೆ ಎಂದು ತೋರಿಸಿದ್ದರು. ಅಮೃತಹಳ್ಳಿಗೆ ಆ ಮಾತು ಚೆನ್ನಾಗಿ ಹೊಂದುತ್ತದೆ. ತಬ್ಲೀಗಿನ ಹೆಸರಿನಲ್ಲಿ ಟಿವಿಗಳು ವಾರಗಟ್ಟಲೆ ಮಾಡಿದ್ದು ಅದನ್ನೇ. 2020ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ತಬ್ಲೀಗಿನ ವಿದೇಶೀಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿತು. ದೆಹಲಿಯಲ್ಲಿ 70 ಮಂದಿ ಭಾರತೀಯರು 2025ರ ಜುಲೈವರೆಗೆ ಕಾಯಬೇಕಾಯಿತು. ಆದರೆ ಸಾದಿಕ್ ಲೇಔಟ್‌ಗೆ ಕೋಹೆನ್ ಸಾಲುವುದಿಲ್ಲ. ಅಲ್ಲಿ ಹೆದರಿದವರೇ ದುರ್ಬಲರು, ಅವರ ಕೈಗೆ ಸಿಕ್ಕಿದ್ದು ಇನ್ನೂ ದುರ್ಬಲಳು.

ನಮ್ಮ ಮೊಹಲ್ಲಾಗಳ ಬಗ್ಗೆ ಇನ್ನೊಂದು ಮಾತು. 2017ರ ಫೆಬ್ರವರಿಯಲ್ಲಿ ದಡಾರ ರುಬೆಲ್ಲಾ ಲಸಿಕೆ ಅಭಿಯಾನಕ್ಕೆ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಸಂತಾನಶಕ್ತಿ ಹಾಳಾಗುತ್ತದೆ ಎಂಬ ವಾಟ್ಸಾಪ್ ಸಂದೇಶ ನಂಬಿ ಹಲವು ಮುಸ್ಲಿಂ ಪೋಷಕರು ಹಿಂದೇಟು ಹಾಕಿದರು. ಬಂದ ಸುದ್ದಿಯನ್ನು ಪರಿಶೀಲಿಸದೆ ಯಾರಿಗೂ ಕೇಡು ಮಾಡಬೇಡಿ ಎಂಬ ಆಶಯದ, ಅಲ್ ಹುಜುರಾತ್ ಅಧ್ಯಾಯದ ಆರನೆಯ ವಚನವನ್ನು ಟಿವಿ ಚಾನೆಲ್‌ಗಳಿಗೆ ಕೇಳಿಸುವಂತೆ ನಾವು ಉದ್ಧರಿಸುತ್ತೇವೆ. ಆ ಸಂದೇಶವನ್ನು ಮುಂದಕ್ಕೆ ಕಳಿಸಿದ ಬೆರಳುಗಳಿಗೆ ಅದು ನೆನಪಾಗಲಿಲ್ಲ.

ಹಾಗಾದರೆ ಮುಂದಿನ ದೊಡ್ಡ ಭಯ ಯಾವುದು? ವರ್ಷಾಂತ್ಯಕ್ಕೆ ಟಿವಿಯಲ್ಲಿ ಕೂರುವ ಜ್ಯೋತಿಷಿಗಳಿಗೆ ಆ ಕೆಲಸ ಇರಲಿ. ವಸ್ತು ಯಾವುದೆಂದು ಹೇಳಲು ಬಾರದು. ರೋಗವೋ, ನೀರೋ, ಮಕ್ಕಳೋ, ಊಟವೋ. ವಿಳಾಸವನ್ನು ಮಾತ್ರ ಸುಮಾರಾಗಿ ಊಹಿಸಬಹುದು. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಬಂದ ಮೇಲೆ ಹೆಬ್ಬಾಳದಿಂದ ಯಲಹಂಕದವರೆಗೆ ಹಳ್ಳಿಗಳೆಲ್ಲ ಲೇಔಟ್ ಆದವು. ಕಟ್ಟಲು ಬಂದವರು ತಗಡಿನ ಶೆಡ್ಡಿನಲ್ಲಿ, ಕೊಂಡವರು ಗೇಟಿನೊಳಗೆ. ಎದುರು ಮನೆಯವರ ಹೆಸರು ಯಾರಿಗೂ ಗೊತ್ತಿಲ್ಲ. ಇಂಥಲ್ಲಿ ಭಯ ಬಂದರೆ ಅದು ಹೋಗಿ ನಿಲ್ಲುವುದು ಶೆಡ್ಡಿನ ಮುಂದೆ, ಇಲ್ಲವೇ ಬಾಡಿಗೆಗೆ ಮನೆ ಕೇಳುವಾಗ ಹೆಸರು ಹೇಳಲು ಅರೆಕ್ಷಣ ತಡವರಿಸುವವನ ಮುಂದೆ.

ಒಂದು ಭಯವಂತೂ ಈಗಾಗಲೇ ಹಳೆಯ ದೆವ್ವದ ವೇಷದಲ್ಲೇ ಬಂದಿದೆ. ಮಗನದೋ ಮೊಮ್ಮಗಳದೋ ದನಿಯನ್ನು ಯಂತ್ರದಿಂದ ಅನುಕರಿಸಿ, ಅಪಘಾತವಾಗಿದೆ, ಹಣ ಕಳಿಸಿ ಎಂದು ಫೋನ್ ಮಾಡುವ ವಂಚನೆ. ಅಮ್ಮಿಗೆ ಇದನ್ನು ವಿವರಿಸಿ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ದೆವ್ವ ಒಂದೇ ಸಲ ಕರೆಯುತ್ತೆ, ಮನುಷ್ಯರಾದರೆ ಇನ್ನೊಂದು ಸಲ ಕರೆಯುತ್ತಾರೆ ಎಂದರು. ಗೊತ್ತಿಲ್ಲದ ನಂಬರಿನಿಂದ ನನ್ನ ದನಿ ಕೇಳಿದರೆ ಈಗ ಅವರು ಫೋನ್ ಇಟ್ಟು, ನನ್ನ ನಂಬರಿಗೆ ತಾವೇ ಮಾಡುತ್ತಾರೆ.