ಕಲ್ಲಿನ ಮೇಲೆ ಕಲ್ಲಿನದೇ ಚಿತ್ರ

ರಾಯಚೂರು ಜಿಲ್ಲೆಯ ಮಲ್ಲಟದ ಸುತ್ತಲಿನ ಸೀಮೆಗೆ ಕಡಲಿಲ್ಲ. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ, ನಡುವೆ ಎರೆಹೊಲ, ಬಂಡೆಗುಡ್ಡ. ನೋಡುವುದಕ್ಕೆ ಮಾತ್ರ ಬರವಿಲ್ಲ.

ಮೊದಲು ರಾಯಚೂರು ಕೋಟೆಗೆ ಹೋಗಬೇಕು. ಕಾಕತೀಯರ ಕಾಲದಲ್ಲಿ, 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ್ದು. ಒಳಗೋಡೆಯಲ್ಲಿ ಗಾರೆಯ ಹಂಗೇ ಇಲ್ಲ. ಹದವಾಗಿ ಕಡಿದ ದಪ್ಪ ಕಲ್ಲುಗಳು ಒಂದರ ಮೇಲೊಂದು ಕಚ್ಚಿ ಕೂತಿವೆ. ಅದರ ಪಡುವಣ ಭಾಗದಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಚಪ್ಪಡಿ, ಮೇಲೆ ತೆಲುಗು ಶಾಸನ. ಹತ್ತಿರ ನಿಂತರೆ ಇನ್ನೊಂದು ಚೋದ್ಯ: ಇಂಥ ಕಲ್ಲನ್ನು ಬಂಡಿಗೆ ಹೇರಿ, ಸಾಲು ಕೋಣಗಳು ಎಳೆದು ತರುವ ಚಿತ್ರ. ಕಟ್ಟಿಸಿದವನ ಹೆಸರಿನ ಜೊತೆಗೆ ಹೊತ್ತು ತಂದ ಶ್ರಮಕ್ಕೂ ಗೋಡೆಯಲ್ಲಿ ಜಾಗ ಸಿಕ್ಕಿದೆ.

ಆಮೇಲೆ ಮಸ್ಕಿ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರ. ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಖಚಿತವಾದದ್ದು ಈ ಬಂಡೆಯಿಂದ. ದಾರಿ ತಿರುಗಿಸಿದರೆ ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಹಳೆಯ ಗುಡಿಗಳು, ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರ ಮಾನ್ವಿ.

ಬೇಸಿಗೆ ಬಿಟ್ಟು, ಚಳಿಗಾಲದಲ್ಲಿ ಬನ್ನಿ. ಕಲ್ಲಿನ ಮೇಲೆ ನಿಮ್ಮ ಹೆಸರು ಮಾತ್ರ ಗೀಚಬೇಡಿ.