ಕಾವಿನ ಬಳುಕು ಮತ್ತು ಕೈಯ ಸಾಕ್ಷ್ಯ

ಗಾಲ್ಫ್ ಆಟದ ಸಲಕರಣೆಯ ವಿಚಾರ ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಏತಕ್ಕೆ ಎಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಕೈಯಾರೆ ಮಾಡಿದವನ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕು, ಯಾವ ವಿಷಯದಲ್ಲಿ ನಂಬಬೇಕು ಎಂಬುದು ಇತಿಹಾಸಕಾರನಿಗೆ ನಿತ್ಯವೂ ಎದುರಾಗುವ ಸಮಸ್ಯೆ. ಅಂಥ ಮಾತನ್ನು ಅಳತೆಯೊಡನೆ ಹೋಲಿಸಿ ನೋಡುವ ಅವಕಾಶ ನಮಗೆ ದೊರೆಯುವುದು ಅಪರೂಪ. ಆಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಅವರು 1968ರಲ್ಲಿ ಪ್ರಕಟಿಸಿದ ‘ದಿ ಸರ್ಚ್ ಫಾರ್ ದಿ ಪರ್ಫೆಕ್ಟ್ ಸ್ವಿಂಗ್’ ಎಂಬ ಗ್ರಂಥ ಆ ಅವಕಾಶವನ್ನು ಒದಗಿಸುತ್ತದೆ. ಅದರ ಒಂದು ಪ್ರಯೋಗವನ್ನೂ, ಅದರಿಂದ ಓದುಗರು ಎಳೆಯುವ ತೀರ್ಮಾನವನ್ನೂ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕೊಡಲಿಗೂ ಗುದ್ದಲಿಗೂ ಕಾವು ಇರುವಂತೆ ಗಾಲ್ಫ್ ದಾಂಡಿಗೂ ಒಂದು ಕಾವು ಉಂಟು. ಆಟಗಾರರು ಅದನ್ನು ಶಾಫ್ಟ್ ಎಂದು ಕರೆಯುತ್ತಾರೆ. ಅದರ ಮೇಲ್ತುದಿ ಹಿಡಿ. ಕೆಳತುದಿಯಲ್ಲಿ ಚೆಂಡನ್ನು ತಾಕುವ ತಲೆ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ಸ್ಥಾಪನೆಯಾದ 1876ರ ಕಾಲದಲ್ಲಿ ಈ ಕಾವು ಹಿಕರಿ ಎಂಬ ಅಮೆರಿಕದ ಮರದ್ದು. ಬಳಿಕ ಉಕ್ಕಿನ ಕೊಳವೆ ಬಂದಿತು. 1970ರ ಸುಮಾರಿನಿಂದ ಗ್ರ್ಯಾಫೈಟ್ ಎನ್ನುವ ಇಂಗಾಲದ ನಾರಿನ ಕಾವೂ ಸೇರಿಕೊಂಡಿತು. ಎಲ್ಲವೂ ಬೀಸುವಾಗ ಬಳುಕುತ್ತವೆ, ಒಂದು ಹೆಚ್ಚು, ಒಂದು ಕಡಮೆ. ಬಳುಕು ತನಗೆ ಹೊಂದದಿದ್ದರೆ ಚೆಂಡು ಗುರಿ ತಪ್ಪುತ್ತದೆಂದೂ, ಹೊಂದಿದ ಕಾವನ್ನು ಕೈ ತಾನಾಗಿಯೇ ಗುರುತಿಸುತ್ತದೆಂದೂ ಆಟಗಾರರು ದೃಢವಾಗಿ ನಂಬಿದ್ದಾರೆ.

ಕಾಕ್ರನ್ ಭೌತವಿಜ್ಞಾನಿ, ಸ್ಟಾಬ್ಸ್ ಗಾಲ್ಫ್ ಬರೆಹಗಾರ. ಬ್ರಿಟನ್ನಿನ ಗಾಲ್ಫ್ ಸೊಸೈಟಿಯ ಆಶ್ರಯದಲ್ಲಿ 1960ರ ದಶಕದಲ್ಲಿ ನಡೆದ ಸಂಶೋಧನೆಯ ಫಲ ಈ ಗ್ರಂಥ. ಬೀಸುವಿಕೆಯನ್ನು ಎರಡು ಕೀಲುಗಳುಳ್ಳ ಲೋಲಕವಾಗಿ ವಿವರಿಸಿದ್ದು ಇದರ ಪ್ರಸಿದ್ಧ ಸಾಧನೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಇನ್ನೊಂದು. ತಲೆ ಚೆಂಡನ್ನು ಮುಟ್ಟಿರುವ ಕಾಲ ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ. ಅಷ್ಟು ಅಲ್ಪ ಕಾಲದಲ್ಲಿ ಹಿಡಿದ ಕೈಯ ಬಲ ಕಾವಿನ ಮೂಲಕ ಇಳಿದು ಹೊಡೆತಕ್ಕೆ ನೆರವಾಗಲಾರದು ಎಂದು ತೋರಿಸಲು ತಲೆಯ ಮೇಗಡೆಯೇ ಕಾವಿಗೆ ಕೀಲೊಂದನ್ನು ಜೋಡಿಸಿ ಚೆಂಡನ್ನು ಹೊಡೆಯಲಾಯಿತು. ಚೆಂಡು ಸಾಮಾನ್ಯ ದಾಂಡಿನ ಹೊಡೆತದಷ್ಟೇ ದೂರ, ಹೆಚ್ಚು ಕಡಮೆ, ಹೋಯಿತು. ತಾಗುವ ಕ್ಷಣದಲ್ಲಿ ತಲೆಯು ಕಾವಿನಿಂದ ಬಿಡಿಸಿ ಎಸೆದ ವಸ್ತುವಿನಂತೆಯೇ ವರ್ತಿಸುತ್ತದೆ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಈ ಪ್ರಯೋಗದ ಸೊಗಸನ್ನು ಮೆಚ್ಚದಿರಲು ಸಾಧ್ಯವಿಲ್ಲ. ಆಟಗಾರನ ಸಾಕ್ಷ್ಯದ ಒಂದು ಭಾಗವನ್ನು ಇದು ನಿಸ್ಸಂದೇಹವಾಗಿ ತಳ್ಳಿಹಾಕುತ್ತದೆ. ತಾಗುವಾಗ ಚೆಂಡನ್ನು ಕಾವಿನಿಂದ ಒತ್ತಿ ನೂಕಿದೆನೆಂಬ ಅನುಭವ ನಿಜವಾದದ್ದಿರಬಹುದು. ಅದರಿಂದ ಕಟ್ಟಿದ ಕಾರಣ ನಿಜವಲ್ಲ. ಕೈಯ ಸ್ಪರ್ಶ ನರಗಳಲ್ಲಿ ಹರಿದು ಮಿದುಳನ್ನು ಮುಟ್ಟಲು ಸೆಕೆಂಡಿನ ನೂರರಲ್ಲಿ ಎರಡು ಭಾಗವಾದರೂ ಬೇಕೆಂದುಕೊಂಡರೆ, ಸೆಕೆಂಡಿಗೆ 60 ಮೀಟರ್ ವೇಗದ ಚೆಂಡು ಅಷ್ಟರಲ್ಲಿ ಒಂದು ಮೀಟರಿಗಿಂತ ಹೆಚ್ಚು ದೂರ ಸಾಗಿರುತ್ತದೆ. ಆಟಗಾರ ‘ಈಗ’ ಎಂದು ಬಗೆಯುವುದು ಆಗಲೇ ಮುಗಿದ ಸಂಗತಿ. ಘಟನೆ ನಡೆದ ಮೇಲೆ ಬರೆದಿಟ್ಟ ದಿನಚರಿಯನ್ನು ನಾವು ಎಷ್ಟು ಎಚ್ಚರದಿಂದ ಓದುತ್ತೇವೆಯೋ ಅಷ್ಟೇ ಎಚ್ಚರ ಇಲ್ಲಿಯೂ ಬೇಕು.

ಆದರೆ ಇಷ್ಟಕ್ಕೇ ಕಾವಿನ ಬಳುಕಿಗೂ ಕೈಯ ಅನುಭವಕ್ಕೂ ಬೆಲೆಯೇ ಇಲ್ಲವೆಂದು ಹೇಳುವುದು ಅವಸರದ ಮಾತು. ಪ್ರಯೋಗ ತೋರಿಸಿದ್ದು ತಾಗುವ ಕ್ಷಣದ ವಿಚಾರ. ಆ ಕ್ಷಣಕ್ಕೆ ತಲೆ ಯಾವ ವೇಗದಲ್ಲಿ, ಯಾವ ದಿಕ್ಕಿನಲ್ಲಿ, ಯಾವ ಓರೆಯಲ್ಲಿ ಬಂದು ತಲುಪುತ್ತದೆ ಎಂಬುದು ಅದಕ್ಕೆ ಹಿಂದಿನ ಬೀಸಿನ ವಿಚಾರ. ಕೆಳಮುಖವಾದ ಬೀಸು ಸುಮಾರು ಕಾಲು ಸೆಕೆಂಡು ನಡೆಯುತ್ತದೆ; ತಾಗುವಿಕೆಗಿಂತ ಅದು ಸುಮಾರು ಐನೂರು ಪಟ್ಟು ದೀರ್ಘ. ಕಾವು ತನ್ನ ಕೆಲಸ ಮಾಡುವುದು ಆ ಅವಧಿಯಲ್ಲಿ.

ಬೀಸಿನ ಮೊದಲಲ್ಲಿ ಕೈ ಮುಂದಾಗಿ ತಲೆ ಹಿಂದುಳಿಯುವುದರಿಂದ ಕಾವು ಹಿಂದಕ್ಕೆ ಬಾಗುತ್ತದೆ. ಚೆಂಡನ್ನು ಸಮೀಪಿಸುವಾಗ ಬೇರೊಂದು ಕಾರಣ ಮೇಲುಗೈಯಾಗುತ್ತದೆ. ತಲೆಯ ಗುರುತ್ವಕೇಂದ್ರ ಕಾವಿನ ನೇರದಲ್ಲಿಲ್ಲದೆ ಅದರ ಹಿಂದಕ್ಕೂ ಪಕ್ಕಕ್ಕೂ ಇರುವುದರಿಂದ, ತಿರುಗುವ ವೇಗ ಅದನ್ನು ನೇರಕ್ಕೆ ತರಲು ಎಳೆಯುತ್ತದೆ. ಆಗ ಕಾವು ಮುಂದಕ್ಕೂ ಕೆಳಕ್ಕೂ ಬಾಗುತ್ತದೆ. ಮುಂದಕ್ಕೆ ಬಾಗಿದಂತೆ ಮುಖದ ಓರೆ ಹೆಚ್ಚಿ ಚೆಂಡು ಎತ್ತರವಾಗಿ ಏಳುತ್ತದೆ. ಮುಖ ತುಸು ಒಳಕ್ಕೂ ತಿರುಗಬಹುದು. ಆದುದರಿಂದ ಬಳುಕಿಗೂ ಗುರಿಗೂ ಸಂಬಂಧವಿದೆ. ಆದರೆ ಆ ಸಂಬಂಧ ಬೀಸುವವನ ಮೂಲಕ ನಡೆಯುವಂಥದು. 2012ರಲ್ಲಿ ಬೆಟ್ಜ್‌ಲರ್ ಮತ್ತು ಸಂಗಡಿಗರು ನುರಿತ ಆಟಗಾರರಿಗೆ ಬಲು ಮೆದುವಾದ ಹಾಗೂ ಬಲು ಗಡಸಾದ ಕಾವುಗಳನ್ನು ಕೊಟ್ಟು ಅಳೆದಾಗ, ಮೆದುವಾದುದರಲ್ಲಿ ತಲೆಯ ವೇಗ ಹೆಚ್ಚಿದ್ದು ನೂರಕ್ಕೆ ಒಂದು ಪಾಲಿಗಿಂತಲೂ ಕಡಮೆ. ಗಮನಾರ್ಹವಾದ ಸಂಗತಿಯೆಂದರೆ ಬೀಸಿನ ಕೊನೆಯಲ್ಲಿ ಹಿಡಿಯ ಚಲನೆಯೂ ಬದಲಾಗಿದ್ದಿತು. ಕಾವು ಬದಲಾದರೆ ಮನುಷ್ಯನೂ ಬದಲಾಗುತ್ತಾನೆ. ಕೈಯ ಅನುಭವಕ್ಕೆ ಸ್ಥಾನವಿರುವುದು ಇಲ್ಲಿಯೇ: ಅದು ನಡೆಯುತ್ತಿರುವ ಹೊಡೆತವನ್ನು ತಿದ್ದಲಾರದು, ಮುಂದಿನದನ್ನು ತಿದ್ದಬಲ್ಲದು.

ಈ ವಿವೇಚನೆಯ ಬೆಳಕಿನಲ್ಲಿ ಉಕ್ಕಿನ ಕಾವಿನ ಚರಿತ್ರೆಯನ್ನು ನೋಡುವುದು ಉಚಿತ. ಮರದ ಕಾವು ಬಳುಕುತ್ತಿತ್ತು, ಉಕ್ಕು ಗಡಸಾಗಿತ್ತು, ಆದುದರಿಂದ ಗುರಿ ಸುಧಾರಿಸಿ ಉಕ್ಕು ಗೆದ್ದಿತು ಎಂಬ ಸರಳ ಕಥನ ವಾಡಿಕೆಯಲ್ಲಿದೆ. ಕಾಲಕ್ರಮ ಅಷ್ಟು ಸರಳವಾಗಿಲ್ಲ. ಆರ್ಥರ್ ನೈಟ್ ಎಂಬವನು ಅಮೆರಿಕದಲ್ಲಿ ಉಕ್ಕಿನ ಕೊಳವೆಯ ಕಾವಿಗೆ ಪೇಟೆಂಟ್ ಪಡೆದುದು 1910ರಲ್ಲಿ; ಸೇಂಟ್ ಆಂಡ್ರೂಸಿನ ರಾಯಲ್ ಅಂಡ್ ಏನ್ಷಂಟ್ ಸಂಸ್ಥೆ ಅದಕ್ಕೆ ಒಪ್ಪಿಗೆಯಿತ್ತುದು 1929ರಲ್ಲಿ. ಮರುವರ್ಷ, 1930ರಲ್ಲಿ, ಬಾಬಿ ಜೋನ್ಸ್ ಆ ಕಾಲದ ನಾಲ್ಕು ಮಹಾಸ್ಪರ್ಧೆಗಳನ್ನೂ ಗೆದ್ದುದು ಹಿಕರಿ ಕಾವಿನ ದಾಂಡುಗಳಿಂದ. 1931ರಲ್ಲಿ ಬಿಲ್ಲಿ ಬರ್ಕ್ ಉಕ್ಕಿನಿಂದ ಅಮೆರಿಕದ ಓಪನ್ ಸ್ಪರ್ಧೆಯನ್ನು ಗೆದ್ದನು. ಆದರೂ 1936ರಷ್ಟು ತಡವಾಗಿ ಜಾನಿ ಫಿಷರ್ ಹಿಕರಿ ಹಿಡಿದು ಅಮೆರಿಕದ ಅಮೆಚೂರ್ ಪ್ರಶಸ್ತಿಯನ್ನು ಪಡೆದನು. ಬಳುಕುವ ಮರದಿಂದ ಗುರಿ ಸಾಧ್ಯವಿಲ್ಲವೆಂಬ ಮಾತಿಗೆ ಈ ಸಂಗತಿಗಳೇ ಉತ್ತರ.

ಸರಳ ಕಥನದ ದೋಷ ಒಂದು ಪದದಲ್ಲಿ ಅಡಗಿದೆ. ‘ಬಳುಕು’ ಎಂದಾಗ ನಾವು ಎರಡು ಗುಣಗಳನ್ನು ಬೆರೆಸುತ್ತೇವೆ: ಬಾಗುವುದು ಒಂದು, ತಿರುಚಿಕೊಳ್ಳುವುದು ಇನ್ನೊಂದು. ಹಿಕರಿಯ ಮುಖ್ಯ ಕೊರತೆ ಎರಡನೆಯದು. ಕಾವು ತಿರುಚಿದರೆ ದಾಂಡಿನ ಮುಖ ತೆರೆದುಕೊಂಡು ಚೆಂಡು ಪಕ್ಕಕ್ಕೆ ಸರಿಯುತ್ತದೆ. ಉಕ್ಕು ಇದನ್ನು ಬಹುಮಟ್ಟಿಗೆ ತಡೆಯಿತು. ಇದಕ್ಕಿಂತಲೂ ದೊಡ್ಡ ಉಪಕಾರವೆಂದರೆ ಏಕರೂಪತೆ. ಮರದ ಒಂದು ಕಾವಿನಂತೆ ಇನ್ನೊಂದಿಲ್ಲ; ಪ್ರತಿಯೊಂದರ ಸ್ವಭಾವವನ್ನೂ ಆಟಗಾರ ಬೇರೆ ಬೇರೆಯಾಗಿ ಕಲಿಯಬೇಕಾಗಿತ್ತು. ಉಕ್ಕಿನಿಂದ ಒಂದೇ ಬಗೆಯ ಜೊತೆಗಳನ್ನು ಕಾರ್ಖಾನೆಯಲ್ಲಿ ತಯಾರಿಸುವುದು ಸಾಧ್ಯವಾಯಿತು.

ಜೋನ್ಸನ ದಾಂಡುಗಳನ್ನು ಕುರಿತು ಪ್ರಚಲಿತವಾಗಿರುವ ಕಥೆಯನ್ನು ಇಲ್ಲಿ ಪರಾಮರ್ಶಿಸಬೇಕು. ಕೈಯ ಅನುಭವವೊಂದರಿಂದಲೇ ಅವನು ಆಯ್ದಿದ್ದ ದಾಂಡುಗಳನ್ನು ಬಳಿಕ ಯಂತ್ರದಿಂದ ಪರೀಕ್ಷಿಸಿದಾಗ ಒಂದರ ಹೊರತು ಎಲ್ಲವೂ ಪರಸ್ಪರ ಹೊಂದಿದ್ದವೆಂದೂ, ಆ ಒಂದರಿಂದ ತನಗೆ ಸದಾ ತೊಂದರೆಯಾಗುತ್ತಿತ್ತೆಂದು ಅವನು ಹೇಳಿದನೆಂದೂ ಕಥೆ. ಕೈಯ ಅನುಭವವೇ ಪರಮ ಪ್ರಮಾಣ ಎನ್ನುವವರು ಇದನ್ನು ಉದಾಹರಿಸುತ್ತಾರೆ. ಕಥೆಯನ್ನು ಹಾಗೆಯೇ ಒಪ್ಪಿಕೊಂಡರೂ ಅದು ಸಿದ್ಧಪಡಿಸುವುದು ಇಷ್ಟನ್ನು ಮಾತ್ರ: ಒಂದರಿಂದ ಇನ್ನೊಂದಕ್ಕಿರುವ ಭೇದವನ್ನು ಪಳಗಿದ ಕೈ ನಿಖರವಾಗಿ ಬಲ್ಲದು. ಆ ಭೇದಕ್ಕೆ ಕಾರಣವೇನೆಂಬುದನ್ನು ಕೈ ಹೇಳಲಿಲ್ಲ, ಯಂತ್ರ ಹೇಳಿತು.

ಅಳತೆಯೆಂದು ತೋರುವುದೆಲ್ಲ ಅಳತೆಯಲ್ಲ ಎಂಬ ಎಚ್ಚರಿಕೆಯೂ ಅಗತ್ಯ. ಇಂದು ಕಾವುಗಳ ಮೇಲೆ ಆರ್, ಎಸ್, ಎಕ್ಸ್ ಎಂಬ ಅಕ್ಷರಗಳಿರುತ್ತವೆ. ಕ್ರಮವಾಗಿ ಸಾಧಾರಣ, ಗಡಸು, ಅತಿ ಗಡಸು ಎಂದು ಅವುಗಳ ಅರ್ಥ. ಆದರೆ ಎಲ್ಲ ತಯಾರಕರಿಗೂ ಸಮಾನವಾದ ಮಾನ ಯಾವುದೂ ಇಲ್ಲ. ಒಬ್ಬರ ‘ಗಡಸು’ ಇನ್ನೊಬ್ಬರ ‘ಸಾಧಾರಣ’ ಆಗಬಹುದು. ನಮ್ಮ ಶಾಸನಗಳಲ್ಲಿ ಭೂಮಿಯನ್ನು ಅಳೆಯುವ ಗಳೆ ಊರಿನಿಂದ ಊರಿಗೆ ಬೇರೆಯಾಗುತ್ತಿದ್ದುದನ್ನು ಬಲ್ಲ ವಿದ್ಯಾರ್ಥಿಗೆ ಇದು ಹೊಸತಲ್ಲ. ಗಳೆಯ ಉದ್ದ ತಿಳಿಯದೆ ದಾನದ ವಿಸ್ತಾರವನ್ನು ಹೇಗೆ ಹೇಳಲಾಗದೋ, ಹಾಗೆಯೇ ಅಕ್ಷರವನ್ನು ನೋಡಿ ಬಳುಕನ್ನು ಹೇಳಲಾಗದು. ಇಂಥಲ್ಲಿ ಅಚ್ಚಾದ ಗುರುತಿಗಿಂತ ಪಳಗಿದ ಕೈಯೇ ಉತ್ತಮ ಸಾಕ್ಷಿ.

ಒಟ್ಟಿನಲ್ಲಿ ಕಾಕ್ರನ್ ಮತ್ತು ಸ್ಟಾಬ್ಸರ ಗ್ರಂಥ ಇಂದಿಗೂ ಓದಲು ಯೋಗ್ಯವಾದುದು. ಕೀಲಿನ ಪ್ರಯೋಗವಂತೂ ಒಂದು ಪ್ರಶ್ನೆಯನ್ನು ಇತರ ಪ್ರಶ್ನೆಗಳಿಂದ ಬೇರ್ಪಡಿಸಿ ಕೇಳುವುದು ಹೇಗೆಂಬುದಕ್ಕೆ ಮಾದರಿ. ತಪ್ಪು ಪ್ರಯೋಗದ್ದಲ್ಲ, ಕ್ಷಣವೊಂದರ ಉತ್ತರವನ್ನು ಇಡೀ ಬೀಸಿಗೆ ಹಚ್ಚುವ ಓದುಗನದು. ಆಟಗಾರನ ಸಾಕ್ಷ್ಯ ತನ್ನ ಅನುಭವದ ಬಗೆಗೆ ಪ್ರಮಾಣ. ದಾಂಡು ದಾಂಡುಗಳ ಭೇದದ ಬಗೆಗೆ ಬಹುಪಾಲು ಪ್ರಮಾಣ. ಕಾರಣದ ಬಗೆಗೆ ಪ್ರಮಾಣವಲ್ಲ. ನೇಕಾರನೂ ಕಮ್ಮಾರನೂ ಅಂಬಿಗನೂ ನಮಗೆ ಹೇಳುವುದನ್ನು ಬರೆದುಕೊಳ್ಳುವಾಗ ಈ ಮೂರು ಮಾತುಗಳನ್ನು ಬೇರೆ ಬೇರೆಯಾಗಿ ಇಡುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಿಗೆ ಬಂದರೆ, ಅವರ ಮಾತನ್ನು ಕುರುಡಾಗಿ ನಂಬುವ ತಪ್ಪೂ, ಕೇಳದೆ ತಳ್ಳಿಬಿಡುವ ಅದಕ್ಕಿಂತ ದೊಡ್ಡ ತಪ್ಪೂ ಒಟ್ಟಿಗೇ ತಪ್ಪುತ್ತವೆ.